ಕಲಂ ಹದಿನಾಲ್ಕಕ್ಕೆ ನಲವತ್ತೊಂದು ಆಕ್ಷೇಪಣೆ

ನನ್ನನ್ನು ಕೆಲಸದಿಂದ ತೆಗೆದ ಕಾಗದ ನನ್ನ ಹತ್ತಿರವೇ ಇದೆ. ‘ಸಭೆಯ ಘನತೆಗೆ ಧಕ್ಕೆ ತಂದಿರುತ್ತೀರಿ’ ಎಂದು ಅದರಲ್ಲಿ ಬರೆದಿದ್ದಾರೆ. ಶುದ್ಧ ಸುಳ್ಳು. ಅವತ್ತು ಧಕ್ಕೆಯಾದದ್ದು ಘನತೆಗಲ್ಲ, ಹದಿಮೂರು ಜನರ ಮೂತ್ರಕೋಶಕ್ಕೆ. ಹಾಗೆಂದು ಬರೆಯಲು ನಾಚಿಕೆಯಾಗಿ ಹೀಗೆ ಬರೆದಿದ್ದಾರೆ. ನನಗೇನೂ ನಾಚಿಕೆಯಿಲ್ಲ. ಹನ್ನೊಂದು ವರ್ಷ ಅವರ ಕಕ್ಕಸು ತೊಳೆದವಳಿಗೆ ಅವರ ಮುಂದೆ ಎಂಥ ನಾಚಿಕೆ? ಅದಕ್ಕೇ ಆದದ್ದನ್ನು ಆದ ಹಾಗೆ ನಾನೇ ಬರೆಯುತ್ತಿದ್ದೇನೆ.

ನಮ್ಮ ಪುರಸಭೆಯ ಕಟ್ಟಡದಲ್ಲಿ ಕೆಳಗೆ ಗುಮಾಸ್ತರು, ಮೇಲೆ ಸಭಾಂಗಣ. ಕೆಳಗಿದ್ದ ಶೌಚಾಲಯವನ್ನು ಒಡೆದು ದಾಖಲೆ ಕೋಣೆ ಮಾಡಿದ್ದಾರೆ. ಮೇಲೆ ಎರಡಿವೆ. ಗಂಡಸರದ್ದರ ಪೈಪು ಒಡೆದು ಆರು ತಿಂಗಳಾಯಿತು, ರಿಪೇರಿಯ ಕಡತ ಮೂರು ಮೇಜುಗಳ ನಡುವೆ ಇನ್ನೂ ಓಡಾಡಿಕೊಂಡಿದೆ. ಉಳಿದದ್ದು ಒಂದು. ಬಿಳಿ ಟೈಲ್ಸು, ದೊಡ್ಡ ಕನ್ನಡಿ, ನಿಂಬೆ ವಾಸನೆಯ ಸೋಪು. ಆ ಟೈಲ್ಸು ಬಿಳಿಯಾಗಿರುವುದು ನನ್ನ ಉಗುರು ತಿಂದು. ಆ್ಯಸಿಡ್ಡು ಹಾಕಿ ಉಜ್ಜಿ ಉಜ್ಜಿ ನನ್ನ ಬಲಗೈಯ ಎರಡು ಉಗುರು ಮತ್ತೆ ಬೆಳೆಯಲೇ ಇಲ್ಲ. ಅದರ ಬೀಗದ ಕೈ ದಾರದಲ್ಲಿ ನನ್ನ ಕೊರಳಿಗೆ ನೇತಾಡುತ್ತಿತ್ತು. ಅದಕ್ಕೇ ಊರು ಗುಡಿಸುವ ಹೆಂಗಸರೆಲ್ಲ ನನ್ನನ್ನು ಬೀಗದಕ್ಕ ಎಂದೇ ಕರೆಯುವುದು.

ಅವರಲ್ಲಿ ಒಬ್ಬಳು ನಮ್ಮ ಚಿಕ್ಕಮ್ಮ. ಅಮ್ಮ ಸತ್ತಮೇಲೆ ನನ್ನನ್ನು ಸಾಕಿದವಳು. ಇಪ್ಪತ್ತೆರಡು ವರ್ಷದಿಂದ ಮಾರ್ಕೆಟ್ ರಸ್ತೆ ಗುಡಿಸುತ್ತಾಳೆ. ಬೆಳಿಗ್ಗೆ ಐದಕ್ಕೆ ಪೊರಕೆ ಹಿಡಿದರೆ ಮಧ್ಯಾಹ್ನ ಎರಡಕ್ಕೆ ಬಿಡುವುದು. ಆ ಒಂಬತ್ತು ತಾಸಿನಲ್ಲಿ ಉಚ್ಚೆಗೆ ಹೋಗಲು ಅವಳಿಗೆ ಜಾಗವಿಲ್ಲ. ಹಾಗಾಗಿ ಅವಳು ನೀರು ಕುಡಿಯುವುದಿಲ್ಲ. ಅವಳೊಬ್ಬಳೇ ಅಲ್ಲ, ಊರು ಗುಡಿಸುವ ನಲವತ್ತೊಂದು ಹೆಂಗಸರೂ ಕುಡಿಯುವುದಿಲ್ಲ. ಬಾಯಿ ಒಣಗಿದರೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ ಉಗುಳುತ್ತಾರೆ. ಉರಿಮೂತ್ರವಾಗಿ ಚಿಕ್ಕಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು, “ದಿನಕ್ಕೆ ಮೂರು ಲೀಟರ್ ನೀರು ಕುಡೀಬೇಕಮ್ಮಾ” ಎಂದರು. ಚಿಕ್ಕಮ್ಮ ಅಲ್ಲೇ ಬಿದ್ದು ಬಿದ್ದು ನಕ್ಕಳು. ನಕ್ಕಿದ್ದಕ್ಕೆ ಬಟ್ಟೆ ಒದ್ದೆಯಾಯಿತು. ಈಗ ಅವಳ ಸ್ಥಿತಿ ಹಾಗಿದೆ. ಕೆಮ್ಮಿದರೂ ತಡೆಯುವುದಿಲ್ಲ.

ಹೋದ ವರ್ಷ ಒಂದು ದಿನ ಹಾಜರಿ ಹಾಕಲು ಬಂದವಳು ತಡೆಯಲಾಗದೆ ಮೆಟ್ಟಿಲು ಹತ್ತಿ ನನ್ನ ಹತ್ತಿರ ಓಡಿಬಂದಳು. ನಾನು ಬೀಗ ತೆಗೆದೆ. ಅವಳು ಹೊರಗೆ ಬರುವಷ್ಟರಲ್ಲಿ ಮ್ಯಾನೇಜರು ಎದುರಿಗೆ ನಿಂತಿದ್ದರು. ಪ್ಯಾಂಟಿನ ಜೇಬಿನಲ್ಲಿ ಸೀಲು ಇಟ್ಟುಕೊಂಡೇ ತಿರುಗುವ ಮನುಷ್ಯ, ನಾವೆಲ್ಲ ಸೀಲು ಸಾಹೇಬರು ಎನ್ನುತ್ತಿದ್ದೆವು. ಅವರು ಒಂದು ಮಾತೂ ಬೈಯಲಿಲ್ಲ. ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು, “ತೊಳಿ” ಎಂದರು. ತೊಳೆದೆ. “ಇನ್ನೊಂದ್ಸಲ.” ತೊಳೆದೆ. “ಮತ್ತೆ.” ಮೂರು ಸಲ ತೊಳೆಯುವುದನ್ನು ನೋಡುತ್ತ ಚಿಕ್ಕಮ್ಮ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ನನಗೆ ಅವತ್ತು ಆ್ಯಸಿಡ್ಡಿನ ಬಾಟಲಿ ಕೈಯಲ್ಲಿತ್ತು. ಏನೂ ಮಾಡಲಿಲ್ಲ.

ಮಾರನೆಯ ದಿನ ಬಾಗಿಲಿಗೆ ಒಂದು ಆದೇಶ ಅಂಟಿತು. ‘ಈ ಶೌಚಾಲಯವನ್ನು ಪ್ರತಿದಿನ ತೊಳೆದು ಬೀಗ ಹಾಕತಕ್ಕದ್ದು. ಲಿಖಿತ ಅನುಮತಿಯಿಲ್ಲದೆ ಯಾರಿಗೂ ತೆರೆಯತಕ್ಕದ್ದಲ್ಲ.’ ಕೆಳಗೆ ನೇರಳೆ ಬಣ್ಣದ ಸೀಲು. ದೊಡ್ಡವರು ಬಂದಾಗ ಕಣ್ಸನ್ನೆ ಮಾಡಿದರೆ ಸಾಕು, ನಾನು ತೆರೆಯಬೇಕಿತ್ತು. ಆದೇಶ ಯಾರಿಗಾಗಿ ಎಂದು ಎಲ್ಲರಿಗೂ ಗೊತ್ತಿತ್ತು. ನಾನೂ ಬಿಡಲಿಲ್ಲ. ಗುಡಿಸುವವರಿಗೆ ಒಂದು ಶೌಚಾಲಯ ಕೊಡಿ ಎಂದು ಅರ್ಜಿ ಬರೆದೆ. ಟಪಾಲಿಗೆ ಕೊಡು ಎಂದರು, ಕೊಟ್ಟೆ. ನಂಬರು ಬೀಳಬೇಕು ಎಂದರು, ಬಿತ್ತು. ಮ್ಯಾನೇಜರ ಷರಾ ಬೇಕು, ಆಮೇಲೆ ಅಧ್ಯಕ್ಷರ ಸಹಿ ಬೇಕು ಎಂದರು. ಎಂಟು ತಿಂಗಳಾದರೂ ಆ ಅರ್ಜಿ ವಾಪಸ್ಸು ಬರಲಿಲ್ಲ.

ಇನ್ನು ಕಾನೂನಿನ ವಿಷಯ. ಊರಿನ ಕಾನೂನಿಗೆ ಉಪವಿಧಿ ಎನ್ನುತ್ತಾರೆ. ಅದು ಹೇಗೆ ಹುಟ್ಟುತ್ತದೆ ಎಂದು ನಾನು ಮೂಲೆಯಲ್ಲಿ ನೆಲ ಒರೆಸುತ್ತ ಕಣ್ಣಾರೆ ಕಂಡಿದ್ದೇನೆ. ಹೆರಿಗೆಯ ನೋವು ಗೀವು ಏನೂ ಇಲ್ಲ. ಇನ್ಯಾವುದೋ ಊರಿನ ಉಪವಿಧಿಯನ್ನು ತಂದು ಊರಿನ ಹೆಸರು ಬದಲಿಸಿದರೆ ಅದು ಕರಡು. ಆ ಕರಡನ್ನು ಮೂವತ್ತು ದಿನ ಜನರಿಗೆ ಕಾಣುವಂತೆ ಹಾಕಬೇಕು. ಹಾಕುತ್ತಾರೆ. ಎಲ್ಲಿ? ಜನರನ್ನು ಬಿಡದ ಮೇಲಿನ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಬೀಗ ಹಾಕಿ. ಮೂವತ್ತು ದಿನದಲ್ಲಿ ಯಾರಾದರೂ ಆಕ್ಷೇಪಣೆ ಕೊಟ್ಟರೆ ಅದನ್ನು ಸಭೆಯಲ್ಲಿ ಓದಿ ವಿಚಾರಿಸಬೇಕು. ಯಾರೂ ಕೊಡುವುದಿಲ್ಲ. ಆಮೇಲೆ ಸಭೆ ಸೇರುತ್ತಾರೆ. ಅಧ್ಯಕ್ಷರು, “ಓದಿದ್ದಾಗಿದೆ ಅಂತ ಬರ್ಕೊಳ್ಳಿ” ಎನ್ನುತ್ತಾರೆ. ಎಲ್ಲರೂ ಕೈ ಎತ್ತುತ್ತಾರೆ. ಕಾಗದ ಮೇಲಿನ ಸರ್ಕಾರಕ್ಕೆ ಹೋಗಿ, ಗೆಜೆಟ್ಟಿನಲ್ಲಿ ಅಚ್ಚಾಗಿ, ನಮ್ಮ ತಲೆಯ ಮೇಲೆ ಬೀಳುತ್ತದೆ. ನೀರು ಕುಡಿದಷ್ಟು ಸಲೀಸು. ಅವರು ನೀರು ಕುಡಿದಷ್ಟು ಎಂದು ಹೇಳಬೇಕು, ನಾವು ಕುಡಿದಷ್ಟಲ್ಲ.

ಅವರು ಮರೆತ ಸಂಗತಿ ಒಂದೇ. ಆ ಗಾಜು ಒರೆಸುವವಳು ನಾನು. ಏಳನೇ ಕ್ಲಾಸು ಓದಿದ್ದೇನೆ. ಒರೆಸುತ್ತ ಒರೆಸುತ್ತ ಓದಿದೆ. ‘ಸಾರ್ವಜನಿಕ ಸ್ಥಳಗಳ ಶುಚಿತ್ವ ಉಪವಿಧಿ.’ ಕಲಂ ಒಂಬತ್ತರಲ್ಲಿ ‘ಬಂದರಿನಲ್ಲಾಗಲಿ ಕಡಲ ತೀರದಲ್ಲಾಗಲಿ’ ಗಲೀಜು ಮಾಡಬಾರದು ಎಂದಿತ್ತು. ನಮ್ಮೂರಿಗೆ ಇರುವ ಕಡಲು ಎಂದರೆ ಮಾರ್ಕೆಟ್ಟಿನ ಹಿಂದಿನ ಮೋರಿ. ನಕ್ಕೆ. ಕಲಂ ಹನ್ನೊಂದರಲ್ಲಿ ರಸ್ತೆ ಬದಿ ಮೂತ್ರ ಮಾಡಿದರೆ ದಂಡ ಎಂದಿತ್ತು. ಕಲಂ ಹದಿನಾಲ್ಕಕ್ಕೆ ಬರುವಾಗ ಕೈ ನಿಂತಿತು. ‘ಪುರಸಭೆಯ ಕೆಲಸಗಾರರೇ ಉಲ್ಲಂಘಿಸಿದಲ್ಲಿ ದಂಡವಲ್ಲದೆ ಕೂಡಲೇ ಕೆಲಸದಿಂದ ತೆಗೆದುಹಾಕತಕ್ಕದ್ದು.’

ಚಿಕ್ಕಮ್ಮ ಕೆಲಸ ಕಳೆದುಕೊಳ್ಳಲು ಒಂದು ವಾರ ಸಾಕಿತ್ತು. ಬೆಳಗಿನ ಜಾವ ಕಸದ ಲಾರಿಯ ಹಿಂದೆ, ಇಬ್ಬರು ಗೋಣಿಚೀಲ ಅಡ್ಡ ಹಿಡಿದು, ಒಬ್ಬಳು ಕೂರುವುದು. ಇದು ನಮ್ಮವರ ಪದ್ಧತಿ. ಅದೇ ಇನ್ನು ಮುಂದೆ ಅಪರಾಧ.

ಹೋಗಿ ಹೇಳಿದರೆ ಚಿಕ್ಕಮ್ಮ, “ಬೇಡ ಕಣೇ, ಸುಮ್ನಿರು. ಇರೋದೂ ಹೋಗುತ್ತೆ” ಎಂದಳು.

“ಸುಮ್ನಿದ್ರೆ ಉಳಿಯುತ್ತಾ?”

“ಇನ್ನೂ ಬಿಗಿ ಹಿಡೀತೀನಿ. ಅಷ್ಟೇ ತಾನೆ?”

“ನಿನ್ ಕೈಲಿ ಕೆಮ್ಮು ಬಿಗಿ ಹಿಡಿಯೋಕಾಗುತ್ತಾ ಚಿಕ್ಕಮ್ಮಾ?”

ಅವಳು ಪೊರಕೆ ಎಳೆದುಕೊಂಡಳು. ಅದರ ಕಡ್ಡಿ ಬಿಗಿಯುತ್ತ ಕೂತಳು. ಬಿಗಿದು ಮುಗಿಸಿ, “ನಾನು ಹೇಳ್ತೀನಿ, ಬರ್ಕೋ. ನಾನು ಹೇಳ್ದಂಗೇ ಬರೀಬೇಕು” ಎಂದಳು.

ಲಾರಿ ಶೆಡ್ಡಿನ ಹಿಂದಿನ ಸಿಮೆಂಟು ಕಟ್ಟೆಯ ಮೇಲೆ ಕೂತು ನಾಲ್ಕು ದಿನ ಬರೆದೆ. ನಲವತ್ತೊಂದು ಜನ, ನಲವತ್ತೊಂದು ಆಕ್ಷೇಪಣೆ. ಟಪಾಲು ಗುಮಾಸ್ತ ಕಂತೆ ನೋಡಿ ಗಾಬರಿಯಾದ. “ಎಲ್ಲ ಒಂದೇ ವಿಷಯ ಅಲ್ವೇನಮ್ಮಾ? ಒಂದು ಕೊಟ್ರೆ ಸಾಕು.”

“ನಲವತ್ತೊಂದು ಜನಕ್ಕೂ ಸೇರಿ ಒಂದೇ ಮೂತ್ರಕೋಶ ಅಂದ್ಕೊಂಡ್ರಾ ಸಾರ್? ಹಾಕಿ ನಂಬರು.”

ಹಾಕಿದ. ಒಂದೊಂದಕ್ಕೂ ಹಾಕಿದ. ಅವನ ಬೆರಳು ನೋಯುವುದನ್ನು ನಾನು ಸಂತೋಷದಿಂದ ನೋಡಿದೆ.

ಸಭೆ ಮಧ್ಯಾಹ್ನ ಮೂರಕ್ಕೆ. ಉಪವಿಧಿ ಅವತ್ತೇ ಪಾಸಾಗಬೇಕಿತ್ತು. ಚೊಕ್ಕ ಊರು ಎಂಬ ಬಹುಮಾನಕ್ಕೆ ತಪಾಸಣೆಯವರು ಮುಂದಿನ ವಾರ ಬರುವವರಿದ್ದರು, ಉಪವಿಧಿ ಇದ್ದರೆ ಹತ್ತು ಅಂಕ. ಫೋಟೋ ಹಿಡಿಯಲು ಪತ್ರಿಕೆಯವರನ್ನೂ ಅಧ್ಯಕ್ಷರು ಕರೆಸಿ, ಕಟ್ಟಡದ ಸುತ್ತ ನಿಲ್ಲಿಸಿಕೊಂಡಿದ್ದರು. ಸದಸ್ಯರು ಇಪ್ಪತ್ತಮೂರು. ಸಹಿ ಹಾಕಿದವರು ಇಪ್ಪತ್ತು. ಸಹಿ ಹಾಕಿ ಹಿಂಬಾಗಿಲಿನಿಂದ ನುಣುಚಿಕೊಂಡವರು ಏಳು. ಅದು ಅವರ ವಾಡಿಕೆ. ಉಳಿದವರು ಹದಿಮೂರು. ಸಭೆ ನಡೆಯಬೇಕಾದರೆ ಹನ್ನೆರಡು ಜನ ಕುರ್ಚಿಯಲ್ಲಿ ಇರಲೇಬೇಕು. ಅದಕ್ಕೆ ಕೋರಂ ಎನ್ನುತ್ತಾರೆ. ಒಬ್ಬೊಬ್ಬರ ಮುಂದೆಯೂ ಎರಡೆರಡು ಬಾಟಲಿ ನೀರು ಇಟ್ಟವಳು ನಾನೇ. ದುರುದ್ದೇಶವಿರಲಿಲ್ಲ. ಪ್ರತಿ ಸಭೆಗೂ ಇಡುವುದೇ. ಟೀ ಮಾತ್ರ ಅವತ್ತು ಎರಡು ಸಲ ಬಂತು.

ನಲವತ್ತೊಂದು ಹೆಂಗಸರೂ ಕೆಲಸ ಮುಗಿಸಿ ನೇರ ಬಂದಿದ್ದರು. ಪೊರಕೆಗಳನ್ನು ಮೆಟ್ಟಿಲ ಹತ್ತಿರ ಒರಗಿಸಿ, ಹಿಂದಿನ ಸಾಲಿನ ನೆಲದ ಮೇಲೆ ಕೂತರು. ಕುರ್ಚಿ ಖಾಲಿ ಇದ್ದವು. ಕೂರಿ ಎಂದು ಯಾರೂ ಹೇಳಲಿಲ್ಲ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, “ಆಕ್ಷೇಪಣೆಗಳನ್ನ ಓದಿದ್ದಾಗಿದೆ ಅಂತ ಬರ್ಕೊಳ್ಳಿ” ಎಂದರು.

ಚಿಕ್ಕಮ್ಮ ಎದ್ದು ನಿಂತಳು. “ಎಲ್ಲಿ ಓದಿದ್ರಿ ಸಾಮಿ? ನನ್ ಕಿವಿಗೆ ಬೀಳ್ಲಿಲ್ಲ.”

ಸೀಲು ಸಾಹೇಬರು ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದರು. ಓದಲೇಬೇಕು, ಮಧ್ಯೆ ಎದ್ದರೆ ಮತ್ತೆ ಮೂವತ್ತು ದಿನದ ನೋಟೀಸು ಹಾಕಿ ಮೊದಲಿನಿಂದ ಶುರು ಮಾಡಬೇಕು ಎಂದು ಇರಬೇಕು. ಅಧ್ಯಕ್ಷರ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. “ಓದ್ರೀ, ಬೇಗ ಓದ್ರೀ” ಎಂದರು.

ಸೀಲು ಸಾಹೇಬರು ಓದಿದರು. “ಆಕ್ಷೇಪಣೆ ಸಂಖ್ಯೆ ಒಂದು. ಮಾನ್ಯರೇ, ಮಾರ್ಕೆಟ್ ರಸ್ತೆ ಗುಡಿಸೋದು ನಾನು. ಅಲ್ಲಿ ಎರಡು ಬ್ಯಾಂಕು, ಒಂಬತ್ತು ಬಟ್ಟೆ ಅಂಗಡಿ, ಆರು ಹೋಟೆಲು ಇದೆ. ಎಲ್ಲ ಕಡೆ ಕೇಳಿದ್ದೀನಿ. ಒಬ್ಬರೂ ಒಳಗೆ ಬಿಟ್ಟಿಲ್ಲ. ನಾನು... ಮೂತ್ರ ವಿಸರ್ಜನೆಯನ್ನು...”

“ನಾನು ಹಂಗೆ ಹೇಳಿಲ್ಲ,” ಚಿಕ್ಕಮ್ಮ ಮತ್ತೆ ಎದ್ದಳು. “ಬರ್ದಿರೋದು ಓದಿ.”

ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಸರ್ಕಾರಿ ಧ್ವನಿಯಲ್ಲಿ ಓದಿದರು. “ನಾನು ಉಚ್ಚೆ ಎಲ್ಲಿ ಹೊಯ್ಯಲಿ ಅಂತ ಕಾನೂನಲ್ಲಿ ಬರೀರಿ. ಅಲ್ಲೇ ಹೊಯ್ತೀನಿ.”

ಹಿಂದಿನ ಸಾಲು ಕಿಸಕ್ಕೆಂದಿತು. ಆಮೇಲೆ ಎರಡು, ಮೂರು, ನಾಲ್ಕು. ಏಳನೆಯದು: “ಬಸ್ ಸ್ಟ್ಯಾಂಡ್ ಹಿಂದಿನ ಗೋಡೆ ತೊಳೆಯೋದು ನಾನು. ಅಲ್ಲಿ ನಿಂತು ಮಾಡೋರೆಲ್ಲ ಬೂಟು ಹಾಕ್ಕೊಂಡಿರೋ ಗಂಡಸರು. ಮೊದಲು ಅವರನ್ನ ಹಿಡೀರಿ.” ಹನ್ನೆರಡನೆಯದು: “ನನಗೆ ಏಳು ತಿಂಗಳು. ಒಳಗಿಂದ ಮಗು ಒದ್ದರೆ ತಡೆಯೋಕಾಗಲ್ಲ. ಮಗುವಿಗೂ ನೋಟೀಸು ಕೊಡಿ.” ಹತ್ತೊಂಬತ್ತನೆಯದಕ್ಕೆ ಯಾರೂ ನಗಲಿಲ್ಲ. “ತಿಂಗಳ ದಿನಗಳಲ್ಲಿ ಒಂದೇ ಬಟ್ಟೆಯಲ್ಲಿ ಒಂಬತ್ತು ತಾಸು ಗುಡಿಸ್ತೀನಿ. ತೊಡೆ ಹರಿದು ರಕ್ತ ಬರುತ್ತೆ. ಯಾವ ರಕ್ತ ಯಾವುದು ಅಂತ ನನಗೇ ಗೊತ್ತಾಗಲ್ಲ.” ಸಾಹೇಬರ ಧ್ವನಿ ಅಲ್ಲಿ ಸ್ವಲ್ಪ ಎಡವಿತು. ಆದರೂ ಓದಿದರು. ಸದಸ್ಯರು ನೀರು ಕುಡಿದರು.

ಇದೆಲ್ಲ ನಡೆಯುವಾಗ ನಾನು ಕಾರಿಡಾರಿನಲ್ಲಿ, ತೆರೆದ ಬಾಗಿಲಿನಿಂದ ಸಭೆ ಕಾಣುವ ಹಾಗೆ, ಶೌಚಾಲಯದ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದೆ. ನಾಲ್ಕೂವರೆಗೆ ಮೊದಲನೆಯವನು ಬಂದ. ಮರಳು ಲಾರಿಗಳ ಮಾಲೀಕ, ಮೂರು ಸಲ ಗೆದ್ದ ಸದಸ್ಯ.

“ತೆಗಿಯಮ್ಮಾ ಬೀಗ.”

“ಲಿಖಿತ ಅನುಮತಿ ತಂದಿದ್ದೀರಾ ಸಾರ್?”

ಅವನಿಗೆ ಅರ್ಥವಾಗಲಿಲ್ಲ. ನಾನು ಬಾಗಿಲಿನ ಕಾಗದ ತೋರಿಸಿದೆ. ಅವನು ಓದಿದ. ಆ ಕಟ್ಟಡದಲ್ಲಿ ಅವನು ಓದಿದ ಮೊದಲ ಕಾಗದ ಅದೇ ಇರಬೇಕು.

“ಏಯ್, ನಾನು ಸದಸ್ಯ ಕಣೇ!”

“ಯಾರಿಗೂ ಅಂತ ಇದೆ ಸಾರ್. ಸೀಲೂ ಬಿದ್ದಿದೆ. ಒಂದು ಅರ್ಜಿ ಬರೆದು ಕೆಳಗೆ ಟಪಾಲಿಗೆ ಕೊಡಿ. ನಂಬರು ಬೀಳುತ್ತೆ. ಮ್ಯಾನೇಜರು ಷರಾ ಬರೀತಾರೆ, ಅಧ್ಯಕ್ಷರು ಸಹಿ ಹಾಕ್ತಾರೆ. ನಂದು ಎಂಟು ತಿಂಗಳಾಯ್ತು. ನೀವು ದೊಡ್ಡೋರು, ನಿಮ್ದು ಬೇಗ ಆಗ್ಬಹುದು.”

ಅವನು ಬಾಗಿಲಿಗೆ ಒಂದು ಒದೆ ಕೊಟ್ಟ. ಆ ಸ್ಥಿತಿಯಲ್ಲಿ ಕಾಲೆತ್ತಬಾರದಿತ್ತು. ಮುಖ ಕಿವುಚಿಕೊಂಡು, ತೊಡೆ ಜೋಡಿಸಿಕೊಂಡು ಅರೆಗಳಿಗೆ ಹಾಗೇ ನಿಂತ.

“ಕಟ್ಟಡದ ಹಿಂದಿನ ಗೋಡೆ ಇದೆಯಲ್ಲ ಸಾರ್,” ಎಂದೆ.

“ಪೇಪರ್‌ನೋರು ನಿಂತಿದ್ದಾರೆ ಅಲ್ಲಿ!”

ಒಳಗೆ ಹೋದ. ಅವನು ಕೂತ ಮೇಲೆ ಇನ್ನೊಬ್ಬ ಎದ್ದು ಬಂದ. ಕೋರಂ ಲೆಕ್ಕದಲ್ಲಿ ಒಂದು ಸಲಕ್ಕೆ ಒಬ್ಬರೇ ಏಳಬಹುದಿತ್ತು. ಹೀಗೆ ಒಬ್ಬೊಬ್ಬರೇ ಬಂದರು, ಬಂದ ಹಾಗೇ ಹೋದರು. ಒಬ್ಬ ಬೆದರಿಸಿದ. ಒಬ್ಬ ಅಕ್ಕಾ ಎಂದ. ಹನ್ನೊಂದು ವರ್ಷದಲ್ಲಿ ಅವನು ನನ್ನನ್ನು ಏನೆಂದಾದರೂ ಕರೆದದ್ದು ಅವತ್ತೇ. ಐದನೆಯವಳು ಸದಸ್ಯೆ, ಟೀಚರಾಗಿದ್ದವಳು. ಅಧ್ಯಕ್ಷರ ಕೈಯಿಂದ ಚೀಟಿ ಬರೆಸಿಕೊಂಡು ಬಂದಿದ್ದಳು. ‘ತೆರೆಯಿರಿ’ ಎಂದಿತ್ತು.

“ನಂಬರಿಲ್ಲ, ಸೀಲಿಲ್ಲ ಮೇಡಂ. ನಮ್ಮ ಚೀಟಿ ಹೀಗಿದ್ರೆ ತಗೊಳ್ತಾರಾ?”

“ನಾನೂ ಹೆಂಗಸು ಕಣಮ್ಮಾ. ನಿನಗೆ ಗೊತ್ತಾಗಲ್ವಾ?”

“ಗೊತ್ತಾಗುತ್ತೆ. ಕಲಂ ಹದಿನಾಲ್ಕಕ್ಕೆ ಕೈ ಎತ್ತೋಕೆ ಬಂದಾಗ ನಿಮಗೆ ಗೊತ್ತಾಗ್ಲಿಲ್ವಾ?”

ಅವಳು ನನ್ನ ಮುಖವನ್ನೇ ನೋಡಿದಳು. ಚೀಟಿ ಮಡಚಿಕೊಂಡು ಹೋದಳು. ಪಾಪ ಎನಿಸಿತು. ಎನಿಸಲಿ ಎಂದುಕೊಂಡೆ.

ಟಪಾಲು ಗುಮಾಸ್ತ ನಾಲ್ಕಕ್ಕೇ ಮನೆಗೆ ಹೋಗಿದ್ದ. ಸುತ್ತಿಗೆ ಸ್ಟೋರಿನಲ್ಲಿತ್ತು, ಸ್ಟೋರಿನವನು ರಜೆಯಲ್ಲಿದ್ದ. ಒಳಗೆ ಕುರ್ಚಿಗಳು ಕಿರುಗುಡುವುದು ಕೇಳುತ್ತಿತ್ತು. ಕಾಲ ಮೇಲೆ ಕಾಲು ಹಾಕುವುದು, ತೆಗೆಯುವುದು. ಹಿಂದಿನ ಸಾಲಿನಲ್ಲಿ ಮಾತ್ರ ಸದ್ದಿಲ್ಲ. ನಲವತ್ತೊಂದು ಜನ ಬೆಳಿಗ್ಗೆ ಐದರಿಂದ ತಡೆದುಕೊಂಡು ಕಲ್ಲಿನ ಹಾಗೆ ಕೂತಿದ್ದರು. ನಮಗೆ ಅಭ್ಯಾಸ. ಅವರಿಗೆ ಮೂರು ತಾಸು ಆಗಲಿಲ್ಲ.

ಆರಕ್ಕೆ ಮೂವತ್ತಮೂರನೇ ಆಕ್ಷೇಪಣೆ ನಡೆಯುತ್ತಿತ್ತು. ಉಳಿದದ್ದು ಎಂಟು. ಓದಿ ಮುಗಿಸಿ ಕೈ ಎತ್ತಿಬಿಟ್ಟರೆ ಆಯಿತು. ತಡೆದುಕೊಂಡಾದರೂ ಪಾಸು ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಸಭಾಂಗಣದ ಬಾಗಿಲಿನಿಂದ ಚಿಕ್ಕಮ್ಮ ಬಂದಳು. ಗೋಡೆ ಹಿಡಿದುಕೊಂಡು, ಮಂಡಿ ಒತ್ತಿಕೊಂಡು, ಒಂದೊಂದೇ ಹೆಜ್ಜೆ. ಹಣೆಯ ತುಂಬ ಬೆವರು.

“ಆಗಲ್ಲ ಕಣೇ,” ಎಂದಳು. “ಮೆಟ್ಟಿಲು ಇಳಿಯೋಕೂ ಆಗಲ್ಲ. ಇವರೆಲ್ಲರ ಮುಂದೆ ಆಗ್ಬಿಡುತ್ತೆ.”

ಇಷ್ಟು ಹೊತ್ತು ಆ ಹದಿಮೂರು ಜನರನ್ನು ಕುಣಿಸುವ ಖುಷಿಯಲ್ಲಿ ಇವಳನ್ನೇ ಮರೆತಿದ್ದೆ. ಯಾರಿಗೂ ಎಂದರೆ ಇವಳಿಗೂ. ಮೊದಲಿನಿಂದಲೂ ಇವಳಿಗೇ. ಅವರು ಬರೆದ ಆದೇಶವನ್ನು ನಾನು ಕಾವಲು ಕಾಯುತ್ತ ಕೂತಿದ್ದೇನೆ!

ಎದ್ದೆ. ಬಾಗಿಲಿನ ಕಾಗದವನ್ನು ಪರ್ ಎಂದು ಕಿತ್ತೆ. ಕೊರಳಿನ ಬೀಗದ ಕೈ ತೆಗೆದು ಬೀಗ ತೆರೆದೆ. “ಹೋಗು ಚಿಕ್ಕಮ್ಮಾ.”

“ಬೈತಾರೆ ಕಣೇ.”

“ಬೈಲಿ. ನಾನು ಇನ್ಮೇಲೆ ಇದನ್ನ ಮೂರು ಸಲ ತೊಳೆಯಲ್ಲ. ಒಂದು ಸಲಾನೂ ತೊಳೆಯಲ್ಲ. ಹೋಗು.”

ಹೋದಳು. ಒಳಗಿನಿಂದ ಚಿಲಕ ಹಾಕಿಕೊಂಡಳು.

ಬೀಗ ತೆಗೆದ ಸದ್ದು ಸಭಾಂಗಣದವರೆಗೆ ಕೇಳಿಸಿರಬೇಕು. ಮೊದಲು ಲಾರಿ ಮಾಲೀಕ ನುಗ್ಗಿ ಬಂದ. ಅವನ ಹಿಂದೆ ಇಬ್ಬರು. ಅವರ ಹಿಂದೆ ಟೀಚರು. ಆಮೇಲೆ ಲೆಕ್ಕವಿಲ್ಲ. ಕುರ್ಚಿಗಳು ದಡದಡ ಬಿದ್ದವು. “ಕೋರಂ! ಕೋರಂ ಹೋಗುತ್ತೆ, ಕೂತ್ಕೊಳ್ರೀ!” ಎಂದು ಸೀಲು ಸಾಹೇಬರು ಖಾಲಿ ಸಭೆಯಲ್ಲಿ ಕೂಗುತ್ತಿದ್ದರು. ಕೂಗಿ ಕೂಗಿ ಅವರೂ ಬಂದರು. ಕೊನೆಗೆ ಅಧ್ಯಕ್ಷರು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಭೆ ಬಿದ್ದುಹೋಯಿತು. ಉಪವಿಧಿ ಪಾಸಾಗಲಿಲ್ಲ. ಹತ್ತು ಅಂಕ ಹೋಯಿತು, ನನ್ನ ಕೆಲಸವೂ ಹೋಯಿತು. ಚಿಕ್ಕಮ್ಮನದು ಉಳಿದಿದೆ. ಈಗ ಗಾಜಿನ ಪೆಟ್ಟಿಗೆಯಲ್ಲಿ ಹೊಸ ಕರಡು ಬಂದಿದೆಯಂತೆ. ಕಡಲ ತೀರ ಅದರಲ್ಲಿ ಹಾಗೇ ಇದೆ, ಕಲಂ ಹದಿನಾಲ್ಕು ಮಾತ್ರ ಇಲ್ಲ. ಶೌಚಾಲಯದ ಮಾತೂ ಇಲ್ಲ. ಹೀಗಾಗಿ ಈ ಸಲವೂ ನಲವತ್ತೊಂದು ಬರೆದಿದ್ದೇವೆ. ಈಗ ನನಗೆ ಪುರುಸೊತ್ತು ಬೇಕಾದಷ್ಟಿದೆ, ಅಕ್ಷರ ದುಂಡಗೆ ಬರೆದಿದ್ದೇನೆ.

ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಆ ಕಾರಿಡಾರು. ಅಧ್ಯಕ್ಷರು, ಮ್ಯಾನೇಜರು, ಹನ್ನೆರಡು ಜನ ಸದಸ್ಯರು ಒಬ್ಬರ ಹಿಂದೆ ಒಬ್ಬರು ಸಾಲಾಗಿ, ತೊಡೆ ಜೋಡಿಸಿಕೊಂಡು, ಒಬ್ಬ ಕಸ ಗುಡಿಸುವವಳು ಹೊರಗೆ ಬರಲಿ ಎಂದು ಕಾಯುತ್ತಿದ್ದರು. ಸಭಾಂಗಣದ ಬಾಗಿಲಲ್ಲಿ ನಲವತ್ತು ಹೆಂಗಸರು ನಿಂತು ನೋಡುತ್ತಿದ್ದರು. ಐದು ನಿಮಿಷ. ಹತ್ತು ನಿಮಿಷ. ಒಳಗಿನಿಂದ ನಲ್ಲಿಯ ಸದ್ದು ಬಂತು. ಸೋಪಿನ ಡಬ್ಬಿಯ ಸದ್ದು ಬಂತು. ಚಿಕ್ಕಮ್ಮ ಕೈ ತೊಳೆದುಕೊಳ್ಳುತ್ತಿದ್ದಳು. ಆಮೇಲೆ ಮತ್ತೆ ನಿಶ್ಶಬ್ದ. ಕನ್ನಡಿ ನೋಡಿಕೊಳ್ಳುತ್ತಿದ್ದಳೋ, ಮತ್ತೆ ಕೂತಳೋ, ದೇವರಿಗೇ ಗೊತ್ತು.

ಅಧ್ಯಕ್ಷರು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದು ಬಾಗಿಲು ಬಡಿದರು. “ಅಮ್ಮಾ, ತಾಯೀ, ಬೇಗ ಬಾಮ್ಮಾ! ಎಷ್ಟೊತ್ತು?”

ಒಳಗಿನಿಂದ ಚಿಕ್ಕಮ್ಮನ ಧ್ವನಿ ಬಂತು, ಅವಸರವೇ ಇಲ್ಲದ ಧ್ವನಿ. “ಇರಪ್ಪಾ, ಬರ್ತೀನಿ. ಇಪ್ಪತ್ತೆರಡು ವರ್ಷದ್ದು ಇದೆ.”